ಐದು ಕಿಲೋಮೀಟರಿನ ವೃತ್ತ

ಮಲೆನಾಡಿನ ಕಾಡಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದೆ, ಅದರ ದೇಹದಲ್ಲೋ ಸುತ್ತ ಹೆಕ್ಕಿದ ಉಣುಗುಗಳಲ್ಲೋ ಮಂಗನ ಕಾಯಿಲೆಯ ವೈರಸ್ ಇದೆ ಎಂದು ಪ್ರಯೋಗಾಲಯದಿಂದ ವರದಿ ಬಂತು ಎನ್ನಿ. ಆಗ ಆರೋಗ್ಯ ಇಲಾಖೆ ಬಹುಕಾಲ ಪಾಲಿಸಿದ ಕ್ರಮ ಸರಳವಾಗಿತ್ತು. ಮಂಗ ಬಿದ್ದ ಜಾಗವನ್ನು ಕೇಂದ್ರವಾಗಿಟ್ಟು ನಕ್ಷೆಯ ಮೇಲೆ ಐದು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯುವುದು, ಅದರೊಳಗೆ ಬರುವ ಊರುಗಳ ಜನರಿಗೆ ಲಸಿಕೆ ಹಾಕುವುದು. ವೃತ್ತದ ವಿಸ್ತೀರ್ಣ ಸುಮಾರು 78 ಚದರ ಕಿಲೋಮೀಟರ್. ಕೈಯಲ್ಲಿರುವ ಲಸಿಕೆ, ಸಿಬ್ಬಂದಿ, ಜೀಪುಗಳ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ. ಅದನ್ನು ತಪ್ಪೆನ್ನಲಾಗದು.

ಆದರೆ ವೃತ್ತ ಎಳೆದವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ವಾದವನ್ನೂ ಮುಂದಿಡುತ್ತಿದ್ದಾರೆ: ಅಪಾಯ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ವಾದ. ಬಯಲುಸೀಮೆಯಲ್ಲಿ ಅದು ಅಷ್ಟಿಷ್ಟು ಒಪ್ಪಬಹುದಾದ ಮಾತು. ಶರಾವತಿಯ ಹಿನ್ನೀರು, ಘಟ್ಟದ ಇಳಿಜಾರು, ಗದ್ದೆಬಯಲು, ಕಾನು, ಬ್ಯಾಣಗಳು ಒಂದರೊಳಗೊಂದು ಹೆಣೆದುಕೊಂಡಿರುವ ಸೀಮೆಯಲ್ಲಿ ಅಲ್ಲ. ಹಿನ್ನೀರಿನ ಆಚೆ ದಡದ ಮನೆ ನಕ್ಷೆಯಲ್ಲಿ ಎರಡು ಕಿಲೋಮೀಟರ್ ದೂರದಲ್ಲಿ ಕಾಣುತ್ತದೆ, ಅಲ್ಲಿಯ ಜನ ಮಾತ್ರ ಈ ಕಾಡಿಗೆ ಕಾಲಿಡುವುದೇ ಇಲ್ಲ. ಏಳು ಕಿಲೋಮೀಟರ್ ದೂರದ ಕೇರಿಯವರು ದಿನಾ ಇದೇ ಕಾಡಿಗೆ ದನ ಹೊಡೆದುಕೊಂಡು ಬರುತ್ತಾರೆ. ಕಾಯಿಲೆ ಯಾರನ್ನು ಹಿಡಿಯುತ್ತದೆ ಎನ್ನುವುದನ್ನು ದೂರಕ್ಕಿಂತ ಹೆಚ್ಚಾಗಿ ಕಾಲುದಾರಿಗಳು ತೀರ್ಮಾನಿಸುತ್ತವೆ.

ರೋಗವನ್ನು ನಕ್ಷೆಗಿಳಿಸುವ ವಿಷಯ ಬಂದೊಡನೆ 1854ರ ಲಂಡನ್ನಿನ ಕಾಲರಾ, ಡಾಕ್ಟರ್ ಜಾನ್ ಸ್ನೋ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪು ಎಲ್ಲರ ಬಾಯಲ್ಲೂ ಬರುತ್ತವೆ. ಸತ್ತವರ ಮನೆಗಳನ್ನು ಗುರುತಿಸಿದಾಗ ಗುರುತುಗಳೆಲ್ಲ ಒಂದು ಪಂಪಿನ ಸುತ್ತ ಗುಂಪುಗೂಡಿದವು ಎಂಬಲ್ಲಿಗೆ ಕತೆ ಸಾಮಾನ್ಯವಾಗಿ ಮುಗಿಯುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಎರಡು ಸಂಗತಿಗಳು. 1855ರಲ್ಲಿ ಸ್ನೋ ತಯಾರಿಸಿದ ಎರಡನೆಯ ನಕ್ಷೆಯಲ್ಲಿ ಒಂದು ಅಂಕುಡೊಂಕು ಗೆರೆಯಿದೆ. ಬೀದಿಗಳಲ್ಲಿ ನಡೆದು ಹೋದರೆ ಬ್ರಾಡ್ ಸ್ಟ್ರೀಟಿನ ಪಂಪು ಮತ್ತು ಉಳಿದ ಪಂಪುಗಳು ಸಮಾನ ದೂರದಲ್ಲಿ ಸಿಗುವ ಜಾಗಗಳನ್ನು ಜೋಡಿಸಿದ ಗೆರೆ ಅದು. ಅವರು ವೃತ್ತ ಎಳೆಯಲಿಲ್ಲ, ನಡಿಗೆಯನ್ನು ಅಳೆದರು. ಇನ್ನೊಂದು, ಅಲ್ಲಿಂದ ಎಷ್ಟೋ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಕಾಲರಾದಿಂದ ತೀರಿಕೊಂಡ ಒಬ್ಬ ಮಹಿಳೆಯದು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ಇದ್ದವಳು, ಆ ನೀರಿನ ರುಚಿಗೆ ಮನಸೋತು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ವಿಳಾಸ ನೋಡಿದರೆ ಅವಳ ಸಾವಿಗೂ ಪಂಪಿಗೂ ಸಂಬಂಧವೇ ಇಲ್ಲ. ವಿಚಾರಿಸಿ ನೋಡಿದ್ದರಿಂದ ಅದೇ ಬಲವಾದ ಸಾಕ್ಷ್ಯವಾಯಿತು.

ಮಲೆನಾಡಿಗೆ ಮರಳೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರಿಗೂ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗ ಸಾಯುತ್ತಿವೆ ಎಂದಾಗ ಭಾರತದಲ್ಲಿ ಅದುವರೆಗೆ ಕಾಣಿಸಿಕೊಳ್ಳದ ಹಳದಿ ಜ್ವರ ಒಳನುಗ್ಗಿತೇ ಎಂಬ ಗಾಬರಿ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿದಾಗ ಅದು ಉಣುಗಿನಿಂದ ಹರಡುವ, ರಷ್ಯಾದ ಒಂದು ಮೆದುಳುಜ್ವರದ ವೈರಸ್ಸಿಗೆ ನೆಂಟಸ್ತಿಕೆಯುಳ್ಳ ಹೊಸ ವೈರಸ್ ಎಂದು ತಿಳಿಯಿತು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಅನುಮಾನದಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೇ ಸಲೀಂ ಅಲಿ ಅವರ ನೇತೃತ್ವದಲ್ಲಿ ಶುರುವಾಯಿತು. ಪಕ್ಷಿಶಾಸ್ತ್ರಕ್ಕೆ ಲಾಭವಾಯಿತು, ಹಕ್ಕಿಗಳ ಮೇಲಿನ ಆರೋಪ ಮಾತ್ರ ಸಾಬೀತಾಗಲಿಲ್ಲ.

ರೋಗ ಹರಡುವ ಬಗೆ ಗೊತ್ತಿದ್ದರೆ ನಕ್ಷೆಯಲ್ಲಿ ಏನನ್ನು ಗುರುತಿಸಬೇಕು ಎಂಬುದೂ ಗೊತ್ತಾಗುತ್ತದೆ. ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಮಳೆಗಾಲದಲ್ಲಿ ಬಲಿತ ಉಣುಗು ದನದಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ ನೆಲಕ್ಕುದುರಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಮೇಲೆ ಲಾರ್ವಾಗಳು, ಆಮೇಲೆ ಬೇಸಿಗೆಗೆ ಕಾಲಿಡುವ ತಿಂಗಳುಗಳಲ್ಲಿ ನಿಂಫ್ ಎಂಬ ಮರಿ ಉಣುಗುಗಳು ದರಗಿನ, ಅಂದರೆ ನೆಲಕ್ಕುದುರಿದ ಒಣ ಎಲೆಗಳ, ತುಂಬ ಹರಡುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಮರಿಗಳೇ. ಜನವರಿಯಿಂದ ಮಾರ್ಚ್ ಎಂದರೆ ಮಲೆನಾಡಿನವರು ದರಗು ಗುಡಿಸುವ, ಸೌದೆ ಹೊರುವ, ಸೊಪ್ಪಿನಬೆಟ್ಟಕ್ಕೆ ಹೋಗುವ ಕಾಲವೂ ಹೌದು. ಸೋಂಕಿದ ಮುಸಿಯವೋ ಕೆಂಪು ಮಂಗವೋ ಸತ್ತಾಗ ಮೈಮೇಲಿನ ಉಣುಗುಗಳು ಹೆಣ ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆದ್ದರಿಂದಲೇ ಸತ್ತ ಮಂಗದ ಜಾಗ ಅಷ್ಟು ಅಪಾಯಕಾರಿ.

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಸೇರುವುದು ರೋಗಿಯ ಮನೆಯ ವಿಳಾಸ. ಕಳೆದ ವಾರ ಆತ ಯಾವ ಕಾನಿಗೆ ಹೋಗಿದ್ದ, ಯಾರ ತೋಟಕ್ಕೆ ಕೊನೆಕೊಯ್ಲಿಗೆ ಹೋಗಿದ್ದ ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲದಿದ್ದರೆ ನಕ್ಷೆಯ ಚುಕ್ಕಿ ರೋಗಿ ಮಲಗಿದ ಜಾಗದಲ್ಲಿ ಬೀಳುತ್ತದೆ, ಸೋಂಕು ತಗುಲಿದ ಜಾಗದಲ್ಲಿ ಅಲ್ಲ. ಇದರ ಜೊತೆಗೆ ಮಲೆನಾಡಿನ ಊರಿನ ಸ್ವಭಾವವೇ ಒಂದು ತೊಡಕು. ಕಂದಾಯ ದಾಖಲೆಯಲ್ಲಿ ಒಂದು ಗ್ರಾಮವೆಂದಿರುವುದು ನೆಲದ ಮೇಲೆ ಹತ್ತಾರು ಮಜರೆಗಳು, ಒಂಟಿ ಮನೆಗಳು. ಗ್ರಾಮದ ಹೆಸರು ಕೊಟ್ಟರೆ ಕಂಪ್ಯೂಟರ್ ಗ್ರಾಮದ ನಡುಮಧ್ಯದಲ್ಲಿ ಚುಕ್ಕಿ ಇಡುತ್ತದೆ, ಅಲ್ಲಿ ಬಹುಶಃ ಮನೆಯೇ ಇರುವುದಿಲ್ಲ. ಚುಕ್ಕಿಯೇ ಎರಡು ಮೂರು ಕಿಲೋಮೀಟರ್ ಜಾರಿದ ಮೇಲೆ ಐದು ಕಿಲೋಮೀಟರಿನ ವೃತ್ತವನ್ನು ಎಷ್ಟು ನಿಖರವಾಗಿ ಎಳೆದರೇನು?

ಪತ್ರಿಕೆಗಳಲ್ಲಿ ಬರುವ, ತಾಲ್ಲೂಕುವಾರು ಬಣ್ಣ ಬಳಿದ ನಕ್ಷೆಗಳ ಬಗ್ಗೆ ನನಗೆ ಅದಕ್ಕಿಂತ ಹೆಚ್ಚಿನ ತಕರಾರಿದೆ. ತಾಲ್ಲೂಕಿನ ಒಂದು ಮೂಲೆಯಲ್ಲಿ ಐವತ್ತು ಜನರಿಗೆ ಕಾಯಿಲೆಯಾದರೂ ಇಡೀ ತಾಲ್ಲೂಕು ಕೆಂಪಾಗುತ್ತದೆ. ಅದೇ ಐವತ್ತು ಜನ ಎರಡು ತಾಲ್ಲೂಕುಗಳ ಗಡಿಯ ಎರಡೂ ಬದಿಗೆ ಹಂಚಿಹೋಗಿದ್ದರೆ ಎರಡೂ ತೆಳುಗೆಂಪಿನಲ್ಲಿ ಉಳಿದುಬಿಡುತ್ತವೆ. ಗಡಿ ಬದಲಾದರೆ ಚಿತ್ರವೂ ಬದಲಾಗುತ್ತದೆ, ರೋಗ ಮಾತ್ರ ಇದ್ದಲ್ಲೇ ಇರುತ್ತದೆ. ಜನಸಂಖ್ಯೆಯಿಂದ ಭಾಗಿಸದ ಸಂಖ್ಯೆ ಇನ್ನೂ ಕೆಟ್ಟದ್ದು. ಜನ ಹೆಚ್ಚಿರುವ ಕಡೆ ರೋಗಿಗಳೂ ಹೆಚ್ಚು ಎಂದು ಹೇಳಲು ನಕ್ಷೆ ಬೇಕಿಲ್ಲ.

ಖಾಲಿ ಜಾಗಗಳನ್ನಂತೂ ಇನ್ನೂ ಎಚ್ಚರದಿಂದ ಓದಬೇಕು. ಸತ್ತ ಮಂಗ ಕಣ್ಣಿಗೆ ಬೀಳುವುದು ಮನುಷ್ಯ ಓಡಾಡುವ ಕಡೆ, ವರದಿಯಾಗುವುದು ಆಶಾ ಕಾರ್ಯಕರ್ತೆಯೋ ಅರಣ್ಯ ಸಿಬ್ಬಂದಿಯೋ ಚುರುಕಾಗಿರುವ ಕಡೆ. ಹಲವು ದಶಕಗಳ ಕಾಲ ಮಂಗನ ಕಾಯಿಲೆಯನ್ನು ಶಿವಮೊಗ್ಗ ಮತ್ತು ಅದರ ಸುತ್ತಲಿನ ಕೆಲವು ಜಿಲ್ಲೆಗಳ ಕಾಯಿಲೆ ಎಂದೇ ತಿಳಿಯಲಾಗಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಕಾಣಿಸಿತು, ಮುಂದಿನ ವರ್ಷಗಳಲ್ಲಿ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಇದು ಹೊಸದಾಗಿ ಹರಡಿದ್ದೋ, ಮೊದಲಿಂದ ಇದ್ದದ್ದು ಪರೀಕ್ಷೆ ಹೆಚ್ಚಿದ್ದರಿಂದ ಕಂಡದ್ದೋ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇದೆ.

ಚುಕ್ಕಿಗಳ ಈ ಮಿತಿಯನ್ನು ದಾಟಲು ಇರುವ ದಾರಿಯೆಂದರೆ ರೋಗ ಇದ್ದ ಜಾಗಗಳ ನೆಲ ಎಂಥದ್ದು ಎಂದು ಕೇಳುವುದು. ಕಾಡು ಕಡಿದು ಗದ್ದೆ, ಮೇವುಮಾಳ ಮಾಡಿದ ಅಂಚುಗಳಲ್ಲೇ ಕಾಯಿಲೆ ಏಳುತ್ತದೆ, ಅಲ್ಲಿ ಮೇಯುವ ದನಗಳಿಂದ ಉಣುಗಿನ ಸಂಖ್ಯೆ ಹಿಗ್ಗುತ್ತದೆ ಎಂದು ಹೋರ್ಹೆ ಬೊಷೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದಿದ್ದರು. ಅರ್ಧ ಶತಮಾನದ ನಂತರ ಆ ಊಹೆಯನ್ನು ಉಪಗ್ರಹ ಚಿತ್ರಗಳ ಜೊತೆ ತಾಳೆ ನೋಡುವುದು ಸಾಧ್ಯವಾಯಿತು. ಬ್ರಿಟನ್ನಿನ ಬೆಥಾನ್ ಪರ್ಸ್ ಮತ್ತು ಇಲ್ಲಿನ ಹಲವು ಸಂಸ್ಥೆಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಆರೋಗ್ಯ, ಪಶುವೈದ್ಯ, ಅರಣ್ಯ ಕ್ಷೇತ್ರಗಳವರ ಜೊತೆ ಕೂತು ತೀರ್ಮಾನಿಸಿದ್ದರು. ಫಲಿತಾಂಶ ಇಷ್ಟು: ಕೃಷಿ ಮತ್ತು ಕಾಡು ಬೆರೆತ ನೆಲದಲ್ಲಿ, ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಹೆಚ್ಚಿರುವ, ನಾಡತಳಿಯ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು. ಒಣ ಎಲೆಯುದುರುವ ಕಾಡು ಹೆಚ್ಚಿದ್ದಲ್ಲಿ ಕಡಿಮೆ.

ಇದನ್ನು ಓದಿ ಇಲ್ಲಿನ ನಾಡತಳಿಯ ದನವಾದ ಮಲೆನಾಡು ಗಿಡ್ಡವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವವರು ಇರುತ್ತಾರೆ. ಅವಸರ ಬೇಡ. ದನ ಹೆಚ್ಚಿರುವ ಊರಿನಲ್ಲಿ ರೋಗ ಹೆಚ್ಚು ಎಂದರೆ ದನ ಸಾಕಿದವರಿಗೇ ರೋಗ ಬಂತೆಂದು ಅರ್ಥವಲ್ಲ. ದನ ಈ ವೈರಸ್ಸನ್ನು ಪೋಷಿಸುವ ಪ್ರಾಣಿಯೂ ಅಲ್ಲ, ಉಣುಗಿಗೆ ಊಟ ಕೊಡುತ್ತದೆ ಅಷ್ಟೆ. ನಾಡತಳಿ ಹೆಚ್ಚಿರುವ ಊರುಗಳು ಕಾಡಿಗೆ ದನ ಅಟ್ಟುವ, ದರಗು ತರುವ ಊರುಗಳೂ ಆಗಿರಬಹುದು. ನಕ್ಷೆ ತೋರಿಸುವುದು ಜೊತೆಯಲ್ಲಿರುವುದನ್ನು. ಯಾವುದರಿಂದ ಯಾವುದು ಎಂದು ತಿಳಿಯಲು ಮನೆ ಬಾಗಿಲಿಗೆ ಹೋಗಿ ಕೇಳಲೇಬೇಕು.

ಹಾಗಿದ್ದೂ ಇಂಥ ನಕ್ಷೆಯ ಬೆಲೆ ದೊಡ್ಡದು. ವೃತ್ತ ಎಳೆಯಲು ಮಂಗವೋ ಮನುಷ್ಯನೋ ಮೊದಲು ಸಾಯಬೇಕು ಅಥವಾ ಮಲಗಬೇಕು. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಎದ್ದಾಗ ಎಲ್ಲರೂ ಅದರ ಹಿಂದೆ ಓಡಬೇಕಾಯಿತು, ಹಲವರು ಜೀವ ಕಳೆದುಕೊಂಡರು. ಅಪಾಯದ ನೆಲ ಯಾವುದೆಂದು ಮಳೆಗಾಲದಲ್ಲೇ ಗೊತ್ತಿದ್ದರೆ ನವೆಂಬರ್ ಹೊತ್ತಿಗೆ ಅಲ್ಲಿ ಉಣುಗು ಹಿಡಿದು ಪರೀಕ್ಷಿಸಬಹುದು, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಹಂಚಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಎಚ್ಚರಿಸಬಹುದು. ಹಳೆಯ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ ಮೇಲೆ, ಹೊಸದು ಕೈಗೆ ಬರುವವರೆಗೆ, ಈ ಮುಂಜಾಗ್ರತೆಯೇ ಮುಖ್ಯ ಆಸರೆ.

ನಕ್ಷೆಗೆ ಬೇಕಾದ ಮಾಹಿತಿ ಕೊಡಬಲ್ಲವರು ಕಾಡಂಚಿನವರೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ದೂರದಲ್ಲೇ ನಿಂತು ಮೊಬೈಲಿನಲ್ಲಿ ಆ ಜಾಗದ ಲೊಕೇಶನ್ ತೆಗೆದು ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಕಳಿಸಿ. ಜ್ವರ ಬಂದು ಡಾಕ್ಟರ ಮುಂದೆ ಕೂತಾಗ ಊರಿನ ಹೆಸರಿಗೇ ನಿಲ್ಲಿಸದೆ ಹಿಂದಿನ ವಾರ ಯಾವ ಕಾಡಿಗೆ, ಯಾವ ತೋಟಕ್ಕೆ ಹೋಗಿದ್ದಿರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.