ಮೊದಲು ಬಂದ ಸಾಲೇ ಮೊದಲನೆಯದಲ್ಲ

ಕೊಪ್ಪಳ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಿಗೆ ರಾಜ್ಯದ ಪಟ್ಟಿಯಲ್ಲಿ ಸಾಲಾಗಿ ಸಂಖ್ಯೆಗಳಿವೆ: 60 ಕುಷ್ಟಗಿ, 61 ಕನಕಗಿರಿ, 62 ಗಂಗಾವತಿ, 63 ಯಲಬುರ್ಗಾ, 64 ಕೊಪ್ಪಳ. 2023ರ ಮೇ 13ರಂದು ಮತ ಎಣಿಕೆ ನಡೆದಾಗ ಇಲ್ಲಿನವರೆಲ್ಲ ಟಿ.ವಿ. ಮುಂದೆ, ಮೊಬೈಲ್ ಹಿಡಿದು ಕೂತಿದ್ದರು. ಎಣಿಕೆಯ ದಿನ ಸುದ್ದಿ ಮಾತ್ರ ಈ ಸಂಖ್ಯೆಗಳ ಸರದಿ ಹಿಡಿದು ಬರುವುದಿಲ್ಲ. ಒಂದು ಕ್ಷೇತ್ರದ್ದು ಐದನೇ ಸುತ್ತಿನ ಲೆಕ್ಕ ಬರುವಾಗ ಇನ್ನೊಂದರದ್ದು ಮೂರನೆಯದು ಬರುತ್ತದೆ. ತಡವಾಗಿ ಮುಟ್ಟಿದ ಹಳೆಯ ಸಂದೇಶವನ್ನು ಹೊಸದೆಂದು ತಿಳಿದು ಪಟಾಕಿಗೆ ಕಡ್ಡಿ ಗೀರುವವರೂ ಇರುತ್ತಾರೆ.

ಹತ್ತಾರು ಕಂಪ್ಯೂಟರುಗಳು ಕೂಡಿ ಒಂದೇ ಲೆಕ್ಕ ಮಾಡುವಾಗಲೂ ಹೀಗೇ ಆಗುತ್ತದೆ. ಕೆಲಸ ಸರಿಯಾಗಿ ನಡೆದಿರುತ್ತದೆ, ಉತ್ತರಗಳೂ ಸರಿಯಾಗಿರುತ್ತವೆ, ಆದರೆ ಪರದೆಯ ಮೇಲೆ ಸಾಲುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ.

ಹೀಗೆ ಅನೇಕ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡುವ ಪ್ರೋಗ್ರಾಂಗಳು ಯಾಕೆ ಬೇಕು? ಹವಾಮಾನದ ಲೆಕ್ಕವನ್ನೇ ನೋಡಿ. ನಾಡಿನ ಮೇಲಿನ ಗಾಳಿಯನ್ನು ಲಕ್ಷಾಂತರ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕದ ಬಿಸಿ, ತೇವ, ಒತ್ತಡಗಳನ್ನು ನಿಮಿಷ ನಿಮಿಷಕ್ಕೂ ಎಣಿಸಬೇಕು. ಒಂದೇ ಯಂತ್ರ ಇದನ್ನು ಮುಗಿಸುವಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ. ಹಾಗಾಗಿ ಚೌಕಗಳನ್ನು ಅನೇಕ ಯಂತ್ರಗಳಿಗೆ ಹಂಚುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಇಂಥದೇ ವ್ಯವಸ್ಥೆ. ಅದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಆ ಬಲ ಬರುವುದು ನೂರಾರು ಕಂಪ್ಯೂಟರುಗಳು ಒಟ್ಟಿಗೆ ದುಡಿಯುವುದರಿಂದ. ಅವು ಪರಸ್ಪರ ಮಾತಾಡಲು 1994ರಲ್ಲಿ ಒಂದು ಸಾಮಾನ್ಯ ಒಪ್ಪಂದ ರೂಪುಗೊಂಡಿತು. ಅದರ ಹೆಸರು ಎಂಪಿಐ. ಅದರಲ್ಲಿ ಪ್ರತಿ ಕೆಲಸಗಾರನಿಗೂ ಸೊನ್ನೆಯಿಂದ ಶುರುವಾಗುವ ಒಂದು ಕ್ರಮಸಂಖ್ಯೆ ಇರುತ್ತದೆ.

ನಾಲ್ಕೇ ಕಂಪ್ಯೂಟರುಗಳನ್ನು ಇಟ್ಟುಕೊಂಡು ನೋಡೋಣ. ಅವಕ್ಕೆ ನಮ್ಮ ನಾಲ್ಕು ಊರುಗಳ ಹೆಸರಿಡೋಣ: 0 ಕೊಪ್ಪಳ, 1 ಗಂಗಾವತಿ, 2 ಕುಷ್ಟಗಿ, 3 ಯಲಬುರ್ಗಾ. ಪ್ರತಿಯೊಂದೂ ತನ್ನ ತಾಲೂಕಿನ ಮಳೆ ಲೆಕ್ಕ ಹಾಕಿ ಒಂದು ಸಾಲು ಬರೆಯಬೇಕು. ಓಡಿಸಿದಾಗ ಪರದೆಯ ಮೇಲೆ ಹೀಗೆ ಕಾಣಬಹುದು: ‘ಗಂಗಾವತಿ ಮಳೆ 4ಯಲಬುರ್ಗಾ ಮಳೆ 18 ಮಿ.ಮೀ.’ ಅದರ ಕೆಳಗೆ ಒಂಟಿಯಾಗಿ ‘2 ಮಿ.ಮೀ.’ ಗಂಗಾವತಿಯ 42 ಎರಡು ತುಂಡಾಗಿದೆ. ಮತ್ತೆ ಓಡಿಸಿದರೆ ಇನ್ನೊಂದೇ ಬಗೆ.

ಕಾರಣ ತಿಳಿಯಲು ಸಾಲು ನಡೆದುಬರುವ ದಾರಿ ನೋಡಬೇಕು. ಪ್ರೋಗ್ರಾಂ ‘ಬರೆ’ ಎಂದ ಕೂಡಲೇ ಅಕ್ಷರಗಳು ಪರದೆಗೆ ಹೋಗುವುದಿಲ್ಲ. ಮೊದಲು ಬಫರ್ ಎಂಬ ಚೀಲಕ್ಕೆ ಬೀಳುತ್ತವೆ. ಪರದೆಗೆ ಬರೆಯುವಾಗ ಸಾಮಾನ್ಯವಾಗಿ ಒಂದು ಸಾಲು ಮುಗಿದಾಗ ಚೀಲ ಬರಿದಾಗುತ್ತದೆ. ಕಡತಕ್ಕೆ ಬರೆಯುವಾಗ ಅಥವಾ ಇನ್ನೊಂದು ಪ್ರೋಗ್ರಾಂಗೆ ಸಾಗಿಸುವಾಗ ಚೀಲ ತುಂಬುವ ತನಕ ಕಾಯುತ್ತದೆ, ಸಾಲಿನ ನಡುವೆಯೇ ತುಂಬಿದರೆ ಅಲ್ಲೇ ಕಡಿದು ಕಳಿಸುತ್ತದೆ. ಆಮೇಲೆ ಜಾಲದ ದಾರಿ. ಅದನ್ನೂ ದಾಟಿದ ಮೇಲೆ ಎಲ್ಲವನ್ನೂ ಶುರುಮಾಡಿದ ಯಂತ್ರ ಆ ತುಂಡುಗಳನ್ನು ಕೈಗೆ ಬಂದಂತೆ ಪರದೆಗೆ ಸುರಿಯುತ್ತದೆ. ನಾಲ್ಕು ಊರಿನಿಂದ ನಾಲ್ಕು ಬಸ್ಸು ಹೊರಟರೆ ಯಾವುದು ಮೊದಲು ನಿಲ್ದಾಣ ಸೇರುತ್ತದೆಂದು ಹೊರಟ ಹೊತ್ತು ನೋಡಿ ಹೇಳಲಾಗದು.

ಹೊಸಬರಿಗೆ ಮೊದಲು ಹೊಳೆಯುವ ಉಪಾಯ ತಡೆಗೋಡೆ, ಅಂದರೆ ಬ್ಯಾರಿಯರ್. ಎಲ್ಲರೂ ಒಂದು ಜಾಗಕ್ಕೆ ಬಂದು ಮುಟ್ಟುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಮತ ಎಣಿಕೆಯ ಕೋಣೆಯಲ್ಲಿ ಇದೇ ಶಿಸ್ತು ಇದೆ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್. ಮೊದಲ ಸುತ್ತಿನಲ್ಲಿ 1ರಿಂದ 14ನೇ ಮತಗಟ್ಟೆಯ ಯಂತ್ರಗಳು, ಎರಡನೆಯದರಲ್ಲಿ 15ರಿಂದ 28. ಕ್ಷೇತ್ರದಲ್ಲಿ 250 ಮತಗಟ್ಟೆಗಳಿದ್ದರೆ 18 ಸುತ್ತು ಬೇಕು. ಹದಿನಾಲ್ಕು ಟೇಬಲಿನ ಎಣಿಕೆಯೂ ಮುಗಿದು ಸುತ್ತಿನ ಮೊತ್ತ ಘೋಷಣೆಯಾದ ಮೇಲೆಯೇ ಮುಂದಿನ ಸುತ್ತಿನ ಯಂತ್ರಗಳು ಬರುತ್ತವೆ. ಬೇಗ ಮುಗಿಸಿದ ಟೇಬಲ್ ಕೈಕಟ್ಟಿ ಕೂರಬೇಕು. ತಡೆಗೋಡೆಗೆ ತೆರುವ ಬೆಲೆ ಅದು: ಎಲ್ಲರ ವೇಗವೂ ಅತಿ ನಿಧಾನದವನ ವೇಗಕ್ಕೆ ಇಳಿಯುತ್ತದೆ.

ಆದರೆ ಕಂಪ್ಯೂಟರಿನಲ್ಲಿ ಈ ಬೆಲೆ ತೆತ್ತರೂ ಸಾಲುಗಳ ಸರದಿ ಖಾತ್ರಿಯಾಗುವುದಿಲ್ಲ. ‘ಕೊಪ್ಪಳ ಬರೆಯಲಿ, ಎಲ್ಲರೂ ನಿಲ್ಲಲಿ, ಆಮೇಲೆ ಗಂಗಾವತಿ ಬರೆಯಲಿ’ ಎಂದು ಪ್ರೋಗ್ರಾಂ ಹೇಳಬಹುದು. ಚೀಲವನ್ನು ಆಗಿಂದಾಗಲೇ ಬರಿದು ಮಾಡು ಎಂದೂ ಹೇಳಬಹುದು. ಹೆಚ್ಚಿನ ಸಲ ಸಾಲುಗಳು ನೆಟ್ಟಗೆ ಬರುತ್ತವೆ, ಒಂದು ದಿನ ಮತ್ತೆ ಅದಲುಬದಲಾಗುತ್ತವೆ. ತಡೆಗೋಡೆ ಹಿಡಿದು ನಿಲ್ಲಿಸುವುದು ಕೆಲಸಗಾರರನ್ನು. ಅವರ ಕೈಬಿಟ್ಟು ದಾರಿ ಹಿಡಿದ ಸಾಲುಗಳ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಹಾಗಾದರೆ ಎಣಿಕೆ ಕೋಣೆ ಸರದಿಯನ್ನು ಹೇಗೆ ಕಾಪಾಡುತ್ತದೆ? ಯಾವ ಟೇಬಲಿನವರೂ ತಮ್ಮ ಲೆಕ್ಕವನ್ನು ಮೈಕಿನಲ್ಲಿ ಕೂಗುವುದಿಲ್ಲ. ಮೇಲ್ವಿಚಾರಕರು ನಮೂನೆ 17ಸಿಯ ಎರಡನೇ ಭಾಗ ತುಂಬಿ, ಏಜೆಂಟರ ಸಹಿ ಹಾಕಿಸಿ, ಚುನಾವಣಾಧಿಕಾರಿಯ ಟೇಬಲಿಗೆ ಕಳಿಸುತ್ತಾರೆ. ಹಾಳೆಯ ಮೇಲೆ ಮತಗಟ್ಟೆಯ ಸಂಖ್ಯೆ ಇರುತ್ತದೆ. ಹಾಳೆ ಯಾವಾಗ ಬಂದರೂ ಅಂಕಿ ಹೋಗಿ ಕೂರುವುದು ಕ್ಷೇತ್ರದ ಅಂತಿಮ ಫಲಿತಾಂಶದ ಪಟ್ಟಿಯಾದ ನಮೂನೆ 20ರಲ್ಲಿ ಆ ಮತಗಟ್ಟೆಯ ಸಾಲಿನಲ್ಲೇ. ಎಂಪಿಐಯಲ್ಲಿ ಇದಕ್ಕೆ ಗ್ಯಾದರ್ ಎನ್ನುತ್ತಾರೆ. ಎಲ್ಲರೂ ತಮ್ಮ ಉತ್ತರವನ್ನು ಸೊನ್ನೆಯವನಿಗೆ ಕೊಡುತ್ತಾರೆ, ಕ್ರಮಸಂಖ್ಯೆಯಂತೆ ಅವು ಜೋಡಣೆಯಾಗುತ್ತವೆ, ಬರೆಯುವವನು ಅವನೊಬ್ಬನೇ. ಕೈ ಒಂದೇ, ದಾರಿ ಒಂದೇ ಆದ್ದರಿಂದ ಸಾಲುಗಳು ಕಲಬೆರಕೆಯಾಗುವುದಿಲ್ಲ.

ನಾಲ್ಕು ಯಂತ್ರಕ್ಕೆ ಇದು ಸಾಕು. ಸಾವಿರಾರು ಆದಾಗ ಸೊನ್ನೆಯವನ ತಲೆಯ ಮೇಲೆ ಹೊರಲಾರದ ಹೊರೆ ಬೀಳುತ್ತದೆ. ಆಗ ಕಡತವನ್ನೇ ನಮೂನೆ 20ರಂತೆ ಮೊದಲೇ ಗೆರೆ ಹಾಕಿ ಹಂಚಬಹುದು. ಪ್ರತಿಯೊಬ್ಬನಿಗೂ 100 ಅಕ್ಷರದ ಜಾಗವಾದರೆ 3ನೇ ಸಂಖ್ಯೆಯ ಯಲಬುರ್ಗಾ 300 ಅಕ್ಷರ ಬಿಟ್ಟು ಬರೆಯಲು ಶುರುಮಾಡಬೇಕು. ಅಳತೆ ಬೇರೆ ಬೇರೆಯಾದರೆ ತನಗಿಂತ ಹಿಂದಿನವರೆಲ್ಲರ ಅಳತೆ ಕೂಡಿಸಿಕೊಂಡರಾಯಿತು. ಜಾಗ ಗೊತ್ತಾದ ಮೇಲೆ ಎಲ್ಲರೂ ಒಟ್ಟಿಗೇ ಬರೆಯಬಹುದು. ಒಬ್ಬರ ಸಾಲು ಇನ್ನೊಬ್ಬರದನ್ನು ತುಳಿಯುವುದಿಲ್ಲ. 1997ರ ಎರಡನೇ ಎಂಪಿಐ ಇಂಥ ಸಮಾಂತರ ಬರವಣಿಗೆಗೆ ದಾರಿ ಮಾಡಿಕೊಟ್ಟಿತು.

ಕೆಲವೊಮ್ಮೆ ಬೇಕಾದದ್ದು ಕ್ರಮಸಂಖ್ಯೆಯ ಸರದಿಯಲ್ಲ, ಘಟನೆಗಳು ನಡೆದ ಸರದಿ. ಪ್ರತಿ ಸಾಲಿಗೂ ಗಡಿಯಾರದ ಹೊತ್ತು ಬರೆದರಾಗದೇ? ಮಳೆಗಾದರೆ ಆದೀತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಅಲ್ಲಿ ಒಂದೆರಡು ಸೆಕೆಂಡ್ ಹೆಚ್ಚುಕಡಿಮೆಯಾದರೆ ಕೆಡುವುದೇನಿಲ್ಲ. ಆದರೆ ಕಂಪ್ಯೂಟರಿನ ಗಡಿಯಾರದಲ್ಲಿರುವುದು ಸ್ಫಟಿಕದ ಮಿಡಿತ. ಅದು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೂ ದಿನಕ್ಕೆ ಸುಮಾರು 0.9 ಸೆಕೆಂಡ್ ಹಿಂದೆಮುಂದೆ ಆಗುತ್ತದೆ. ಜಾಲದ ಮೂಲಕ ತಿದ್ದಿಕೊಂಡರೂ ಕೆಲವು ಮಿಲಿಸೆಕೆಂಡಿನ ಅಂತರ ಉಳಿಯಬಹುದು. 3 ಗಿಗಾಹರ್ಟ್ಸಿನ ಯಂತ್ರ ಒಂದು ಮಿಲಿಸೆಕೆಂಡಿನಲ್ಲಿ 30 ಲಕ್ಷ ಸಲ ಮಿಡಿದಿರುತ್ತದೆ. ಅಷ್ಟರೊಳಗೆ ಯಾವ ಘಟನೆ ಮೊದಲಿನದೆಂದು ಗಡಿಯಾರ ಹೇಳಲಾರದು.

1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಈ ಗಂಟನ್ನು ಬಿಡಿಸಿದರು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಮೇಲೊಂದು ದಿನಚರಿ, ನದಿಯ ಕೆಳಗೆ ಗಂಗಾವತಿ ಸೀಮೆಯ ಆನೆಗೊಂದಿಯಲ್ಲಿ ಇನ್ನೊಂದು ಇದೆ ಎಂದುಕೊಳ್ಳಿ. ಇಬ್ಬರೂ ಗಡಿಯಾರ ನೋಡುವುದಿಲ್ಲ, ಪ್ರತಿ ಘಟನೆಗೂ ಒಂದೊಂದು ಸಂಖ್ಯೆ ಏರಿಸುತ್ತ ಹೋಗುತ್ತಾರೆ. ಅಣೆಕಟ್ಟಿನಿಂದ ಫೋನ್: ‘ಗೇಟು ಎತ್ತಿದ್ದೇವೆ, ನಮ್ಮ ಸಂಖ್ಯೆ 41.’ ಆನೆಗೊಂದಿಯಲ್ಲಿ ಆಗ 30 ನಡೆದಿದ್ದರೂ ಅವರು ಈ ಸುದ್ದಿಗೆ 42 ಎಂದು ಬರೆಯುತ್ತಾರೆ. ಸಂದೇಶ ಪಡೆದವರು ತಮ್ಮದು, ಬಂದದ್ದು, ಇವೆರಡರಲ್ಲಿ ದೊಡ್ಡದಕ್ಕೆ ಒಂದು ಸೇರಿಸಬೇಕು. ಇಷ್ಟೇ ನಿಯಮ. ಎರಡೂ ದಿನಚರಿ ಬೆರೆಸಿದಾಗ ಗೇಟು ಎತ್ತುವ ಮೊದಲೇ ಎಚ್ಚರಿಕೆ ಮುಟ್ಟಿತೆಂಬ ವಿಚಿತ್ರ ಬರುವುದಿಲ್ಲ. ಕಾರಣ ಯಾವಾಗಲೂ ಪರಿಣಾಮಕ್ಕಿಂತ ಮೊದಲು ನಿಲ್ಲುತ್ತದೆ. ಸಂಖ್ಯೆ ಸಮವಾದರೆ ಯಂತ್ರದ ಕ್ರಮಸಂಖ್ಯೆ ನೋಡಿ ತೀರ್ಮಾನಿಸಬಹುದು. ಹಂಚಿದ ವ್ಯವಸ್ಥೆಗಳ ಬಗ್ಗೆ ಲ್ಯಾಂಪೋರ್ಟ್ ಮಾಡಿದ ಕೆಲಸಕ್ಕೆ 2013ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಪರದೆ ಅಂದವಾಗಿ ಕಾಣಲಿ ಎಂಬುದಷ್ಟಕ್ಕೇ ಇದೆಲ್ಲ ಅಲ್ಲ. ಪ್ರೋಗ್ರಾಂ ನಡುವೆ ಕೆಟ್ಟು ನಿಂತಾಗ ಕೊನೆಗೆ ಕಂಡ ಸಾಲು ನೋಡಿ ‘ತಪ್ಪು ಇಲ್ಲೇ’ ಎನ್ನುವುದು ಸಹಜ. ನಿಜಕ್ಕೂ ಕೆಟ್ಟ ಯಂತ್ರದ ಕೊನೆಯ ಮಾತು ಅದರ ಚೀಲದಲ್ಲೇ ಉಳಿದು ಅದರೊಂದಿಗೇ ಅಳಿದಿರಬಹುದು. ಆಗ ದೂರು ಹೋಗುವುದು ನಿರಪರಾಧಿಯ ಮೇಲೆ, ದಿನಗಟ್ಟಲೆ ದುಡಿಮೆ ಹೋಗುವುದು ತಪ್ಪು ಜಾಗದ ಹುಡುಕಾಟಕ್ಕೆ.

ಕೊಪ್ಪಳ, ಕುಷ್ಟಗಿಯ ಯಾವುದೋ ಕಾಲೇಜಿನಲ್ಲಿ ನಾಲ್ಕು ಕಂಪ್ಯೂಟರು ಜೋಡಿಸಿ ಇಂಥ ಮೊದಲ ಪ್ರೋಗ್ರಾಂ ಓಡಿಸುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು: ಸರದಿ ತಾನಾಗಿ ಬರಲೆಂದು ಕಾಯಬೇಡಿ. ಬರೆಯುವ ಪ್ರತಿ ಸಾಲಿನ ತಲೆಗೂ ಅದು ಯಾರದು, ಎಷ್ಟನೆಯದು ಎಂದು ಮೊದಲು ಬರೆಯಿರಿ, ಉಳಿದದ್ದು ಆಮೇಲೆ. ನಮೂನೆ 20ನ್ನು ಇಂದು ತೆರೆದು ನೋಡಿದರೆ ಯಾವ ಟೇಬಲಿನ ಹಾಳೆ ಮೊದಲು ಬಂತೆಂದು ಯಾರಿಗೂ ತಿಳಿಯದು. ಆದರೆ ಪ್ರತಿ ಮತಗಟ್ಟೆಯ ಮತವೂ ತನ್ನ ಸಾಲಿನಲ್ಲಿದೆ.