ಕುಂಚವಿಲ್ಲದೆ ಬರೆದ ಬೀರು

ಶಟಲ್ ಹೊಡೆಯುವ ಬ್ಯಾಡ್ಮಿಂಟನ್ ಆಟಕ್ಕೆ ಆ ಹೆಸರು ಬಂದದ್ದು ಇಂಗ್ಲೆಂಡಿನ ಒಂದು ಬಂಗಲೆಯಿಂದ. ಗ್ಲಾಸ್ಟರ್‌ಶೈರಿನ ಬ್ಯಾಡ್ಮಿಂಟನ್ ಹೌಸ್, ಬೋಫರ್ಟ್ ಡ್ಯೂಕರ ಮನೆತನದ್ದು. ಅದೇ ಮನೆಯ ಹೆಸರು ಹೊತ್ತ ಇನ್ನೊಂದು ವಸ್ತುವಿದೆ: ಒಂದು ಬೀರು. ಎತ್ತರ 386 ಸೆಂಟಿಮೀಟರ್. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ನಿಲ್ಲಿಸಬೇಕಾದರೆ ಮೇಲಿನ ಮನೆಯವರ ಒಪ್ಪಿಗೆ ಬೇಕಾದೀತು.

1726ರಲ್ಲಿ ಮೂರನೆಯ ಡ್ಯೂಕ್ ಹೆನ್ರಿ ಸಾಮರ್‌ಸೆಟ್ ಇಟಲಿ ಸುತ್ತುತ್ತಿದ್ದ. ವಯಸ್ಸು ಹತ್ತೊಂಬತ್ತು. ಫ್ಲಾರೆನ್ಸಿನ ಮೆಡಿಚಿ ಅರಸರ ಕಾರ್ಖಾನೆಗೆ ಈ ಬೀರು ಮಾಡಿಕೊಡಲು ಹೇಳಿದ. ಸುಮಾರು ಮೂವತ್ತು ಮಂದಿ ಆರು ವರ್ಷ ದುಡಿದರು. ಎಬೊನಿಯ ಕರಿಮರ, ಚಿನ್ನದ ನೀರು ಕುಡಿಸಿದ ಕಂಚು, ತುದಿಯಲ್ಲಿ ಗಡಿಯಾರ, ನಾಲ್ಕು ಋತುಗಳ ಪ್ರತಿಮೆ. ಆದರೆ ಕಣ್ಣು ನಿಲ್ಲುವುದು ಬಾಗಿಲು, ಡ್ರಾಯರ್‌ಗಳ ಮೇಲಿನ ಹೂವು, ಹಕ್ಕಿಗಳಲ್ಲಿ. ಅವಕ್ಕೆ ಬಣ್ಣ ಬಳಿದಿಲ್ಲ. ಎಲ್ಲವೂ ಕಲ್ಲು.

ಇಟಾಲಿಯನ್ನರು ಇದನ್ನು ‘ಪಿಯೆತ್ರಾ ದೂರಾ’ ಎನ್ನುತ್ತಾರೆ. ಅಂದರೆ ಗಟ್ಟಿ ಕಲ್ಲು, ಅಷ್ಟೇ. ಇಂಥ ಕೆಲಸ ನಮಗೆ ಹೊಸದಲ್ಲ; ಮೈಸೂರು ಅರಮನೆಯ ದರ್ಬಾರು ಸಭಾಂಗಣದ ಅಮೃತಶಿಲೆಯ ನೆಲದಲ್ಲೂ ಬಣ್ಣದ ಕಲ್ಲಿನ ಹೂಬಳ್ಳಿಯಿದೆ. ಆಗ್ರಾದ ರೀತಿಯಲ್ಲಿ ಬಿಳಿ ಕಲ್ಲನ್ನು ತೋಡಿ, ಆ ಗುಳಿಯಲ್ಲಿ ಬಣ್ಣದ ಕಲ್ಲು ಕೂರಿಸುತ್ತಾರೆ. ಫ್ಲಾರೆನ್ಸಿನವರದು ಬೇರೆ ದಾರಿ. ಹೂವೂ ಕಲ್ಲಿನ ತುಂಡು, ಹೂವಿನ ಹಿಂದಿನ ಕಪ್ಪು ಬಯಲೂ ಕಲ್ಲಿನ ತುಂಡು. ಎಲ್ಲವನ್ನೂ ಅಂಚಿಗೆ ಅಂಚು ಕೂಡಿಸಬೇಕು, ಕೂದಲೆಳೆಯ ಸಂದೂ ಕಾಣಬಾರದು.

ಕೆಲಸದ ಬಗೆ ಹೀಗೆ. ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿ, ಒಂದೊಂದು ಕಾಗದವನ್ನೂ ಕೆಲವೇ ಮಿಲಿಮೀಟರ್ ದಪ್ಪದ ಕಲ್ಲಿನ ಹಲ್ಲೆಗೆ ಅಂಟಿಸುತ್ತಾರೆ. ಚೆಸ್ಟ್‌ನಟ್ ಮರದ ಕೋಲನ್ನು ಬಿಲ್ಲಿನಂತೆ ಬಾಗಿಸಿ ಕಬ್ಬಿಣದ ತಂತಿ ಬಿಗಿದರೆ ಅದೇ ಗರಗಸ. ಅದಕ್ಕೆ ಹಲ್ಲಿಲ್ಲ, ನೀರಲ್ಲಿ ಕಲಸಿದ ಗಟ್ಟಿ ಕಲ್ಲಿನ ಪುಡಿಯನ್ನು ಉಣಿಸುತ್ತಾ ಹೋದರೆ ತಂತಿ ಕಲ್ಲನ್ನು ತೇಯುತ್ತಾ ಸಾಗುತ್ತದೆ. ಅಂಚನ್ನು ಕೊಂಚ ಒಳಕ್ಕೆ ಓರೆಯಾಗಿ ಕೊಯ್ಯುವುದೇ ಗುಟ್ಟು. ಆಗ ಮೇಲ್ಮೈ ಬಿಗಿಯಾಗಿ ಕೂಡುತ್ತದೆ, ಕೆಳಗಿನ ಸಂದಿಯಲ್ಲಿ ಮೇಣ, ರಾಳದ ಅಂಟು ನಿಲ್ಲುತ್ತದೆ. ತುಂಡುಗಳನ್ನು ಬೋರಲಾಗಿ ಜೋಡಿಸುವುದರಿಂದ ಕೆಲಸಗಾರನಿಗೆ ಕಾಣುವುದು ಚಿತ್ರದ ಬೆನ್ನು ಮಾತ್ರ.

ಆದರೂ ನನ್ನ ಲೆಕ್ಕದಲ್ಲಿ ದೊಡ್ಡ ಕಸುಬು ಕೊಯ್ಯುವುದರಲ್ಲಿಲ್ಲ, ಆರಿಸುವುದರಲ್ಲಿದೆ. ಎಸಳಿನ ಬುಡದಲ್ಲಿ ಕೆಂಪು, ತುದಿಯಲ್ಲಿ ಬಿಳಿ ಬೇಕೆಂದರೆ ಹಾಗೆಯೇ ಬಣ್ಣ ತಿರುಗುವ ಕಲ್ಲನ್ನು ಹುಡುಕಬೇಕು. ಸಿಸಿಲಿಯ ಜ್ಯಾಸ್ಪರ್, ವೊಲ್ತೆರ್ರಾದ ಕ್ಯಾಲ್ಸೆಡನಿ, ಅಫ್ಘಾನಿಸ್ತಾನದ ಬದಕ್‌ಶಾನ್‌ನಿಂದ ಬರುತ್ತಿದ್ದ ನೀಲಿ ಲ್ಯಾಪಿಸ್ ಲಜುಲಿ, ಎಲ್ಲದರ ರಾಶಿಯೂ ಕೈಯಳತೆಯಲ್ಲಿರಬೇಕು. ಹೀಗಾಗಿ ಇದು ಅರಸರ ಖಜಾನೆಗೆ ಮಾತ್ರ ಎಟುಕುವ ಕಸುಬು.

ಈ ಕಲ್ಲುಗಳ ಹೊಳಪೇ ಅವಕ್ಕೆ ಶತ್ರುವೂ ಆಯಿತು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗಾಗಿ ಡೊಮೆನಿಕೊ ಕುಚ್ಚಿ ಮಾಡಿದ ಇಂಥ ಬೀರುಗಳಲ್ಲಿ ಹಲವನ್ನು ಮುಂದಿನ ತಲೆಮಾರು ಕಲ್ಲಿಗಾಗಿ ಬಿಚ್ಚಿಹಾಕಿತು. ಒಂದು ಜೋಡಿ ಉಳಿದು ಇಂಗ್ಲೆಂಡಿನ ಆಲ್ನಿಕ್ ಕೋಟೆಯಲ್ಲಿದೆ.

ಬ್ಯಾಡ್ಮಿಂಟನ್ ಬೀರು ಬಚಾವಾಯಿತು. 1990ರ ಹರಾಜಿನಲ್ಲಿ 85.8 ಲಕ್ಷ ಪೌಂಡಿಗೆ ಹೋಗಿ ಪೀಠೋಪಕರಣದ ದಾಖಲೆ ಬರೆಯಿತು, 2004ರಲ್ಲಿ 1.9 ಕೋಟಿ ಪೌಂಡಿಗೆ ಮಾರಾಟವಾಗಿ ತನ್ನ ದಾಖಲೆಯನ್ನು ತಾನೇ ಮುರಿಯಿತು. ಕೊಂಡವರು ಲಿಕ್ಟನ್‌ಸ್ಟೈನ್‌ನ ರಾಜಮನೆತನದವರು. ಬಟ್ಟೆ ಮಡಚಿಡಲು ಇದನ್ನು ಯಾರೂ ಕೊಂಡಿಲ್ಲ ಬಿಡಿ. ಇದು ಬೀರುವಿನ ವೇಷ ತೊಟ್ಟ ಚಿತ್ರ.

1588ರಲ್ಲಿ ಮೊದಲನೆಯ ಫರ್ಡಿನಾಂಡೊ ಮೆಡಿಚಿ ಕಟ್ಟಿದ ಆ ಕಾರ್ಖಾನೆ ಇಂದಿಗೂ ‘ಒಪಿಫಿಚೊ ದೆಲ್ಲೆ ಪಿಯೆತ್ರೆ ದೂರೆ’ ಎಂಬ ಹೆಸರಿನಲ್ಲಿದೆ. ಈಗ ಅದರ ಮುಖ್ಯ ಕೆಲಸ ಹಳೆಯ ಕಲಾಕೃತಿಗಳ ದುರಸ್ತಿ. ಫ್ಲಾರೆನ್ಸಿಗೆ ಹೋದವರು ಉಫೀಜಿ ಚಿತ್ರಶಾಲೆಯ ಸರತಿ ಸಾಲಿನಲ್ಲಿ ನಿಂತು ಬೇಸತ್ತರೆ, ವಿಯಾ ದೆಲ್ಯಿ ಅಲ್ಫಾನಿಯಲ್ಲಿರುವ ಇದರ ಪುಟ್ಟ ಮ್ಯೂಸಿಯಂ ಹೊಕ್ಕು ಬನ್ನಿ. ಹಳೆಯ ಕೆಲಸದ ಮೇಜುಗಳೂ ಕಲ್ಲಿನ ಮಾದರಿಗಳೂ ಅಲ್ಲಿವೆ.