ಒಳಾಂಗಣ ಗಾಳಿ ಸಂಚಾರದ ಪ್ರಮಾಣ

ಒಳಾಂಗಣ ಗಾಳಿ ಸಂಚಾರದ ಪ್ರಮಾಣ ಎಂದರೆ ಒಂದು ಕೋಣೆಗೆ ಅಥವಾ ಕಟ್ಟಡಕ್ಕೆ ನಿರ್ದಿಷ್ಟ ಅವಧಿಯಲ್ಲಿ ಹೊರಗಿನಿಂದ ಬಂದು ಸೇರುವ ಗಾಳಿಯ ಅಳತೆ. ಇದನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿ: ಒಬ್ಬ ವ್ಯಕ್ತಿಗೆ ಸೆಕೆಂಡಿಗೆ ಇಷ್ಟು ಲೀಟರ್ ಎಂದು, ಇಲ್ಲವೇ ಕೋಣೆಯ ಗಾತ್ರದಷ್ಟು ಗಾಳಿ ಗಂಟೆಗೆ ಇಷ್ಟು ಸಲ ಬದಲಾಗಬೇಕು ಎಂದು. ಕೋಣೆಯಲ್ಲಿ ಇರುವವರ ಸಂಖ್ಯೆ ಮತ್ತು ಅಲ್ಲಿ ನಡೆಯುವ ಕೆಲಸವನ್ನು ಅವಲಂಬಿಸಿ ಈ ಪ್ರಮಾಣ ಬದಲಾಗುತ್ತದೆ. ಛಾವಣಿಯ ಫ್ಯಾನು ಒಳಗಿನ ಗಾಳಿಯನ್ನೇ ತಿರುಗಿಸುವುದರಿಂದ ಅದು ಗಾಳಿ ಸಂಚಾರದ ಲೆಕ್ಕಕ್ಕೆ ಸೇರುವುದಿಲ್ಲ.

ಅಳತೆಯ ಆಧಾರ

ಮನುಷ್ಯರು ಉಸಿರಿನೊಂದಿಗೆ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಕೋಣೆಯ ಗಾಳಿಯ ಸ್ಥಿತಿ ತಿಳಿಯುವ ಸೂಚಕವಾಗಿ ಬಳಸಲಾಗುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು 1000 ಭಾಗ ಮೀರಬಾರದೆಂದು ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಸೂಚಿಸಿದರು. ಕುಳಿತಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ಅವರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ದೊರೆತರೆ ಒಳಗಿನ ಮಟ್ಟವು ಹೊರಗಿನದಕ್ಕಿಂತ ಸುಮಾರು 500 ಭಾಗದಷ್ಟು ಮಾತ್ರ ಏರುತ್ತದೆ.

ಸ್ಥಳಕ್ಕೆ ತಕ್ಕ ಪ್ರಮಾಣಗಳು

ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಮಾರ್ಗದರ್ಶಿ ಹಾಗೂ ಅಮೆರಿಕದ ಹವಾನಿಯಂತ್ರಣ ಇಂಜಿನಿಯರುಗಳ ಸಂಘವಾದ ಆಶ್ರೇಯ ಮಾನದಂಡಗಳಲ್ಲಿ ಬರುವ ಕೆಲವು ಪ್ರಮಾಣಗಳು ಹೀಗಿವೆ:

• ವಾಸದ ಮನೆ, ಕಚೇರಿ, ಶಾಲೆ: ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ (ವಿಶ್ವ ಆರೋಗ್ಯ ಸಂಸ್ಥೆ).
• ಆಸ್ಪತ್ರೆಯ ವಾರ್ಡು: ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್; ಸೋಂಕಿನ ಕಣಗಳು ಗಾಳಿಗೆ ಸೇರುವಂತಹ ಚಿಕಿತ್ಸೆ ನಡೆಯುವಲ್ಲಿ 160 ಲೀಟರ್ (ವಿಶ್ವ ಆರೋಗ್ಯ ಸಂಸ್ಥೆ).
• ಶಾಲಾ ಕೊಠಡಿ: ಒಬ್ಬರಿಗೆ ಸೆಕೆಂಡಿಗೆ 5 ಲೀಟರ್, ಜೊತೆಗೆ ನೆಲದ ಪ್ರತಿ ಚದರ ಮೀಟರಿಗೆ 0.6 ಲೀಟರ್ (ಆಶ್ರೇ).
• ಅಡುಗೆಮನೆ: ಅಡುಗೆಯ ಹೊತ್ತಿನಲ್ಲಿ ಸೆಕೆಂಡಿಗೆ 50 ಲೀಟರ್ ಗಾಳಿಯನ್ನು ಹೊರಹಾಕಬೇಕು (ಆಶ್ರೇ).
• ಸ್ನಾನದ ಮನೆ: ಬಳಕೆಯ ಹೊತ್ತಿನಲ್ಲಿ ಸೆಕೆಂಡಿಗೆ 25 ಲೀಟರ್ (ಆಶ್ರೇ).

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ತೆರಪಿನ ಅಳತೆಯನ್ನೂ ಹೇಳುತ್ತದೆ. ಒಣ ಹಾಗೂ ಬಿಸಿ ಹವೆಯ ಪ್ರದೇಶದಲ್ಲಿ ಬಾಗಿಲನ್ನು ಬಿಟ್ಟು ಕಿಟಕಿಗಳ ವಿಸ್ತೀರ್ಣ ನೆಲದ ಹತ್ತನೆಯ ಒಂದು ಭಾಗಕ್ಕೆ ಕಡಿಮೆಯಿರಬಾರದು. ತೇವದ ಬಿಸಿ ಹವೆಯಲ್ಲಿ ಇದು ಆರನೆಯ ಒಂದು ಭಾಗ.

ಇಟಗಿ ಸೀಮೆಯ ಮನೆಗಳು

ಗದಗ ಜಿಲ್ಲೆಯ ಇಟಗಿ ಹಾಗೂ ಸುತ್ತಲಿನ ರೋಣ, ಗಜೇಂದ್ರಗಡ, ನರಗುಂದ ಭಾಗಗಳು ಒಣ ಹವೆಯ ಪ್ರದೇಶಗಳು. ಇಲ್ಲಿನ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗೋಡೆ ದಪ್ಪ. ಅಕ್ಕಪಕ್ಕದ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಕಿಟಕಿಗಳು ಕಡಿಮೆ. ಆ ಕೊರತೆಯನ್ನು ಮಾಳಿಗೆಯ ಬೆಳಕಿಂಡಿ ನೀಗಿಸುತ್ತಿತ್ತು. ಒಲೆಯ ಬಿಸಿ ಗಾಳಿ ಹಗುರವಾಗಿ ಮೇಲೇರಿ ಬೆಳಕಿಂಡಿಯಿಂದ ಹೊರಹೋದಂತೆ ಬಾಗಿಲಿನಿಂದ ತಂಪು ಗಾಳಿ ಒಳಬರುತ್ತಿತ್ತು. ಮಳೆಗಾಲದಲ್ಲಿ ಅದನ್ನು ಮುಚ್ಚಿದಾಗ ಹೊಗೆ ಒಳಗೇ ನಿಲ್ಲುತ್ತಿತ್ತು.

ಸಿಮೆಂಟಿನ ಛಾವಣಿ ಬಂದಾಗ ಬೆಳಕಿಂಡಿ ಮರೆಯಾಯಿತು. ಅದರ ಬದಲಿಗೆ ಎದುರುಬದುರಾದ ಕಿಟಕಿಗಳು ಇಲ್ಲವೇ ಅಡುಗೆಮನೆಯ ಮೇಲ್ಭಾಗದಲ್ಲಿ ಹೊಗೆ ಹೋಗುವ ದಾರಿ ಇರದಿದ್ದರೆ, ಹೊಸ ಮನೆಯ ಗಾಳಿ ಹಳೆಯ ಮನೆಯದಕ್ಕಿಂತ ಕೆಟ್ಟದಾಗಬಹುದು. ಗ್ಯಾಸ್ ಒಲೆಯಿಂದ ಹೊಗೆ ಇಲ್ಲವಾದರೂ ಒಗ್ಗರಣೆಯ ಘಾಟು, ತೇವಾಂಶ ಮತ್ತು ದಹನದ ಅನಿಲಗಳು ಉಳಿಯುತ್ತವೆ.

ಶಾಲಾ ಕೊಠಡಿಯ ಲೆಕ್ಕ

8 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯ ಗಾತ್ರ 144 ಘನ ಮೀಟರ್. ಅಲ್ಲಿ 40 ಜನರಿದ್ದರೆ, ತಲಾ 10 ಲೀಟರಿನಂತೆ ಸೆಕೆಂಡಿಗೆ 400 ಲೀಟರ್, ಅಂದರೆ ಗಂಟೆಗೆ 1440 ಘನ ಮೀಟರ್ ಗಾಳಿ ಬೇಕು. ಕೊಠಡಿಯ ಗಾಳಿ ಗಂಟೆಗೆ ಹತ್ತು ಸಲ ಬದಲಾಗಬೇಕು ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಸೂತ್ರದಂತೆ, ಸೆಕೆಂಡಿಗೆ 1 ಮೀಟರ್ ವೇಗದ ಗಾಳಿಯಲ್ಲಿ ಎದುರುಬದುರು ತೆರಪುಗಳಿದ್ದು, ಅವುಗಳಲ್ಲಿ ಚಿಕ್ಕದು 0.62 ಚದರ ಮೀಟರ್ ಇದ್ದರೂ ಇಷ್ಟು ಗಾಳಿ ದೊರೆಯುತ್ತದೆ. ಒಂದೇ ಬದಿಯಲ್ಲಿ ಕಿಟಕಿಯಿದ್ದರೆ ಇದು ಬಹಳ ಕಡಿಮೆಯಾಗುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಈ ಸೀಮೆಯಲ್ಲಿ ಗಾಳಿಗೆ ಬರವಿಲ್ಲವೆಂಬುದನ್ನು ತೋರಿಸುತ್ತವೆ. ಅದು ಒಳಬಂದು ಹೊರಹೋಗಲು ಎರಡು ದಾರಿ ಬೇಕು.

ಬಾಣಂತಿ ಕೋಣೆ

ಬಾಣಂತಿ ಮತ್ತು ಕೂಸಿಗೆ ಗಾಳಿ ಸೋಕಬಾರದೆಂದು ಕೋಣೆಯನ್ನು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕದ ಸಾಗಾಟವನ್ನು ತಡೆಯುತ್ತದೆ; ತಲೆನೋವು, ಮಂಪರು ಬಂದು ಕೊನೆಗೆ ಸಾವೂ ಸಂಭವಿಸಬಹುದು. ಮೇಲೆ ಹೇಳಿದ ಪ್ರಮಾಣಗಳು ಜನರ ಉಸಿರಾಟವನ್ನು ಲೆಕ್ಕಕ್ಕೆ ಹಿಡಿದವೇ ಹೊರತು ಕೋಣೆಯೊಳಗೆ ಉರಿಯುವ ಕೆಂಡವನ್ನಲ್ಲ. ಆದ್ದರಿಂದ ಇಲ್ಲಿ ಕೆಂಡವನ್ನು ಹೊರಗಿಡುವುದೇ ಮೊದಲ ಕ್ರಮ. ತಾಯಿ ಮಗುವನ್ನು ಬಟ್ಟೆ, ಕೌದಿಗಳಿಂದ ಬೆಚ್ಚಗಿಟ್ಟು, ನೇರವಾಗಿ ಗಾಳಿ ಬೀಸದಂತೆ ಎತ್ತರದ ಕಿಂಡಿಯೊಂದನ್ನು ತೆರೆದಿಡಬಹುದು.